ಗುಣವೆಂಬ ಹಗ್ಗ

‘ಗುಣ’ವೆಂಬ ಶಬ್ದವನ್ನು ನಾವು ಸಾಮಾನ್ಯವಾಗಿ ಸ್ವಭಾವ, ಶೀಲ, ಒಳ್ಳೆಯತನ ಎಂಬ ಅರ್ಥಗಳಲ್ಲಿ ಬಳಸುತ್ತೇವೆ. ಸಂಸ್ಕೃತದಲ್ಲಿ ಆ ಶಬ್ದಕ್ಕೆ ಎಳೆ, ಹುರಿ, ಹಗ್ಗ ಎಂಬ ಅರ್ಥಗಳೂ ಉಂಟು. ಬಿಲ್ಲಿನ ಹೆದೆಗೆ ಗುಣವೆಂಬ ಹೆಸರಿರುವುದನ್ನು ಹಳಗನ್ನಡ ಕಾವ್ಯಗಳನ್ನು ಓದಿದವರು ಬಲ್ಲರು. ಕವಿಗಳು ಈ ಶ್ಲೇಷೆಯನ್ನು ಸಾಕೆನಿಸುವಷ್ಟು ದುಡಿಸಿಕೊಂಡಿದ್ದಾರೆ. ಸತ್ತ್ವ, ರಜಸ್ಸು, ತಮಸ್ಸುಗಳಿಗೆ ಗುಣಗಳೆಂಬ ಹೆಸರು ಹೇಗೆ ಬಂದಿತೆಂಬುದನ್ನು ವಿವರಿಸುತ್ತ ಸಾಂಖ್ಯಭಾಷ್ಯಕಾರನಾದ ವಿಜ್ಞಾನಭಿಕ್ಷುವು, ಪುರುಷನೆಂಬ ಪಶುವನ್ನು ಕಟ್ಟಿಹಾಕುವ ಹಗ್ಗವನ್ನು ಅವು ಹೊಸೆಯುವುದರಿಂದ ಅವುಗಳಿಗೆ ಆ ಹೆಸರು ಸಂದಿತೆಂಬ ಅಭಿಪ್ರಾಯವನ್ನು ಹೇಳಿದ್ದಾನೆ. ಪತಿ, ಪಶು, ಪಾಶ ಎಂಬ ಶೈವಾಗಮಗಳ ಪರಿಭಾಷೆಯ ಪರಿಚಯವುಳ್ಳ ನಮಗೆ ಈ ಮಾತು ಅಪರಿಚಿತವಲ್ಲ.

ಆದರೆ ಈ ಅರ್ಥವು ಕೋಶಗಳಲ್ಲಿಯೂ ಭಾಷ್ಯಗಳಲ್ಲಿಯೂ ಮಾತ್ರ ಉಳಿದಿದೆಯೆಂದು ನಾವು ಬಹುಕಾಲ ನಂಬಿದ್ದೆವು. ಕಾಶಿಯಲ್ಲಿ ವ್ಯಾಸಂಗ ಮಾಡುತ್ತಿದ್ದ ದಿನಗಳಲ್ಲಿ ವಂಗದೇಶದ ಸಹಪಾಠಿಯೊಬ್ಬರು ಗಂಗೆಯ ದಡದಲ್ಲಿ ಕುಳಿತು ಮಾತನಾಡುತ್ತ, ತಮ್ಮ ಅಜ್ಜನ ಊರಿನಲ್ಲಿ ‘ಗುಣ ಎಳೆಯುವವರು’ ಇದ್ದರೆಂದು ಹೇಳಿದರು. ಅದು ಯಾವುದೋ ಸಾಂಖ್ಯಯೋಗದ ಸಾಧನೆಯಿರಬೇಕೆಂದು ಭಾವಿಸಿ ನಾವು ಗಂಭೀರವಾಗಿ ಪ್ರಶ್ನೆಗಳನ್ನು ಕೇಳತೊಡಗಿದಾಗ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ವಂಗಭಾಷೆಯಲ್ಲಿ ಗುಣವೆಂದರೆ ದೋಣಿಯನ್ನು ಪ್ರವಾಹಕ್ಕೆ ಎದುರಾಗಿ ಎಳೆಯುವ ಹಗ್ಗ. ‘ಗುಣ ಟಾನಾ’ ಎಂದರೆ ದಡದ ಮೇಲೆ ನಡೆಯುತ್ತ ಆ ಹಗ್ಗವನ್ನು ಎಳೆಯುವುದು.

ನಮ್ಮ ಕೃಷ್ಣೆ, ತುಂಗಭದ್ರೆಗಳ ತೀರದವರಿಗೆ ಹರಿಗೋಲಿನ ಪರಿಚಯವುಂಟು. ಅದು ಈ ದಡದಿಂದ ಆ ದಡಕ್ಕೆ ದಾಟಿಸುವ ಸಾಧನ. ನಾವು ನದಿಯನ್ನು ದಾಟಬಲ್ಲೆವು. ನೂರಾರು ಮೈಲಿ ಅದನ್ನು ಏರಿಹೋಗುವ ಅಭ್ಯಾಸ ನಮ್ಮದಲ್ಲ. ಗಂಗೆ, ಪದ್ಮೆಗಳಂತಹ ನದಿಗಳಲ್ಲಿ ಅಕ್ಕಿ, ಸೆಣಬು, ಉಪ್ಪು ತುಂಬಿದ ದೋಣಿಗಳು ಗಾಳಿಯಿದ್ದರೆ ಹಾಯಿ ಬಿಚ್ಚಿ ಮೇಲಕ್ಕೇರುತ್ತಿದ್ದವು. ಗಾಳಿ ನಿಂತಾಗ ದೋಣಿಯವರು ದಡಕ್ಕಿಳಿದು, ಕೂವೆಕಂಬಕ್ಕೆ ಕಟ್ಟಿದ ನೀಳವಾದ ಹಗ್ಗದ ಇನ್ನೊಂದು ತುದಿಯನ್ನು ಹೆಗಲಿಗೆ ಹಾಕಿಕೊಂಡು ಎಳೆಯುತ್ತಿದ್ದರು. ಹಗ್ಗವು ಹೆಗಲನ್ನು ಕೊಯ್ಯದಿರಲೆಂದು ತುದಿಯಲ್ಲಿ ಒಂದೊಂದು ಬಿದಿರಿನ ತುಂಡು. ಬಾಂಗ್ಲಾದೇಶದಲ್ಲಿ ಈ ಗುಣಕ್ಕೆ ವಿರಾಮ ದೊರೆತದ್ದು ತೀರ ಈಚೆಗೆ, 1980ರ ದಶಕದಲ್ಲಿ. ಹೊಲಕ್ಕೆ ನೀರೆತ್ತುವ ಪಂಪಿನ ಸಣ್ಣ ಡೀಸೆಲ್ ಯಂತ್ರಗಳನ್ನು ಹಳ್ಳಿಯ ದೋಣಿಗಳಿಗೆ ಜೋಡಿಸತೊಡಗಿದ ಮೇಲೆ.

ಈ ಎಳೆತದಲ್ಲೊಂದು ಸೂಕ್ಷ್ಮವಿದೆ. ದಡದ ಮೇಲಿನಿಂದ ಎಳೆದರೆ ದೋಣಿಯು ಮುಂದಕ್ಕೆ ಬರುವುದರ ಜೊತೆಗೆ ದಡದ ಕಡೆಗೂ ಬರುತ್ತದೆ. ಅದು ದಡಕ್ಕೆ ಬಡಿಯದಂತೆ ಚುಕ್ಕಾಣಿ ಹಿಡಿದವನು ಸದಾ ಹೊರಕ್ಕೆ ತಿರುಗಿಸುತ್ತಿರಬೇಕು. ಹಗ್ಗ ಗಿಡ್ಡವಾಗಿದ್ದರೆ ಈ ಓರೆಸೆಳೆತ ಹೆಚ್ಚು, ಉದ್ದವಾದಷ್ಟೂ ಕಡಿಮೆ. ಆದುದರಿಂದ ಎಲ್ಲ ದೇಶಗಳ ನಾವಿಕರೂ ಉದ್ದವಾದ ಹಗ್ಗವನ್ನೇ ಇಷ್ಟಪಟ್ಟರು. ಅದು ನೌಕಾವಿದ್ಯೆಯ ಮಾತು, ಆಕ್ಷೇಪಿಸುವಂತಹದಲ್ಲ. ಆದರೆ ಹಗ್ಗ ಉದ್ದವಾದಷ್ಟೂ ಎಳೆಯುವವನ ಉಸಿರು ದೋಣಿಯಲ್ಲಿ ಕುಳಿತವನಿಗೆ ಕೇಳಿಸುವುದಿಲ್ಲವೆಂಬುದೂ ನಿಜ.

ಇಷ್ಟು ಪೀಠಿಕೆಗೆ ಕಾರಣವಾದುದು ಒಂದು ಪತ್ರ. ನಮ್ಮ ಮಠದ ಪ್ರಸಾದನಿಲಯದಲ್ಲಿದ್ದು ಓದಿ, ಈಗ ಅನುಕೂಲಸ್ಥರಾಗಿ, ಮಠದ ಕಾರ್ಯಗಳಿಗೆ ಉದಾರವಾಗಿ ನೆರವಾಗುತ್ತಿರುವ ಸದ್ಭಕ್ತರೊಬ್ಬರು ಅದನ್ನು ಬರೆದಿದ್ದಾರೆ. ಅವರು ಇಟ್ಟಿಗೆಯ ಭಟ್ಟಿಯನ್ನು ನಡೆಸುತ್ತಾರೆ. ದೂರದ ಊರುಗಳಿಂದ ಬರುವ ಕುಟುಂಬಗಳಿಗೆ ಮಳೆಗಾಲದಲ್ಲಿಯೇ ಮುಂಗಡ ಕೊಟ್ಟು ಹಂಗಾಮಿಗೆ ಕರೆತರುತ್ತಾರೆ. ಅವರಲ್ಲಿ ಕೆಲವರು ನಡುವೆಯೇ ಬಿಟ್ಟುಹೋಗಲು ಹವಣಿಸುತ್ತಾರಂತೆ. “ಶರಣರ ನಾಡಿನಲ್ಲಿ ಕಾಯಕನಿಷ್ಠೆಯೇ ಮಾಯವಾಗುತ್ತಿದೆ. ತಾವು ಕಾಯಕನಿಷ್ಠೆಯನ್ನು ಕುರಿತು ಒಂದು ಲೇಖನ ಬರೆದರೆ ಅದನ್ನು ನಮ್ಮ ಆಳುಗಳಿಗೆ ಓದಿಸಿ ಹೇಳುತ್ತೇನೆ” ಎಂಬುದು ಅವರ ಬಿನ್ನಹ. ಅವರು ದುಷ್ಟರಲ್ಲ, ಕೂಲಿಯನ್ನು ಕಡಿತ ಮಾಡುವವರೂ ಅಲ್ಲ. ಅವರ ಮಾತಿನಲ್ಲಿ ನಿಜವಾದ ನೋವಿದೆ. ಆದರೂ ಆ ಲೇಖನವನ್ನು ಬರೆಯಲು ಕುಳಿತಾಗ ಕೈ ಓಡಲಿಲ್ಲ. ಬದಲಾಗಿ ಸಹಪಾಠಿಯ ಆ ಗುಣವು ನೆನಪಾಯಿತು. ಅದರ ಬೆನ್ನು ಹಿಡಿದು ಈ ಹಗ್ಗದ ವಿಚಾರವಾಗಿ ಗ್ರಂಥಾಲಯದಲ್ಲಿ ಸಿಕ್ಕಿದ್ದನ್ನೆಲ್ಲ ಓದಿದೆವು.

ರಷ್ಯಾ ದೇಶದ ವೋಲ್ಗಾ ನದಿಯಲ್ಲಿ ದೋಣಿ ಎಳೆಯುವವರಿಗೆ ‘ಬುರ್ಲಾಕ’ರೆಂದು ಹೆಸರು. ಹಗ್ಗಕ್ಕೆ ಅವರ ಭಾಷೆಯಲ್ಲಿ ‘ಬೆಚೆವಾ’. ಪ್ರತಿಯೊಬ್ಬನ ಎದೆಗೂ ಅಗಲವಾದ ತೊಗಲಿನ ಪಟ್ಟಿ. ಆ ಪಟ್ಟಿಯಿಂದ ಹೊರಟ ಹುರಿ ದೊಡ್ಡ ಹಗ್ಗಕ್ಕೆ. ಎಲ್ಲರೂ ಒಂದೇ ಹೆಜ್ಜೆಯಲ್ಲಿ, ಎದೆಯನ್ನು ಮುಂದಕ್ಕೆ ಚಾಚಿ, ನೆಲದ ಕಡೆಗೆ ಬಾಗಿ ನಡೆಯಬೇಕು. ಅವರ ಹಾಡೊಂದನ್ನು ಸಂಗೀತಗಾರನಾದ ಬಲಾಕಿರೆವ್ 1866ರಲ್ಲಿ ತನ್ನ ಸಂಗ್ರಹದಲ್ಲಿ ಪ್ರಕಟಿಸಿದನು. ಅದೀಗ ಲೋಕದ ಸಭಾಭವನಗಳಲ್ಲೆಲ್ಲ ಕೇಳಿಬರುತ್ತದೆ. ಹಾಡು ಇಂಪಾಗಿದೆಯೆನ್ನುವವರು ಅದು ಹೆಜ್ಜೆ ತಪ್ಪದಿರಲೆಂದು ಹುಟ್ಟಿದ ಹಾಡೆಂಬುದನ್ನು ನೆನೆಯುವುದು ಕಡಿಮೆ.

ಅವರನ್ನು ಹಗ್ಗಕ್ಕೆ ಕಟ್ಟಿದ್ದು ಯಾವುದು? ಬುರ್ಲಾಕನು ಕೊಂಡು ತಂದ ಗುಲಾಮನಲ್ಲ. ಅವನು ಒಪ್ಪಿ ಬಂದವನು. ಕರಾರಿಗೆ ಗುರುತು ಹಾಕಿದವನು. ಆದರೆ ಆ ಒಪ್ಪಿಗೆ ಯಾವ ಕಾಲದ್ದೆಂಬುದನ್ನು ಗಮನಿಸಬೇಕು. ನದಿ ಹೆಪ್ಪುಗಟ್ಟಿ, ಕಣಜ ಬರಿದಾಗಿ, ಒಡೆಯನಿಗೆ ಕೊಡಬೇಕಾದ ಕಾಣಿಕೆಯೂ ಸರಕಾರದ ಕಂದಾಯವೂ ತಲೆಯ ಮೇಲೆ ಬಂದು ನಿಲ್ಲುವ ಚಳಿಗಾಲದಲ್ಲಿ ಸಾಹುಕಾರನ ಕಡೆಯವರು ಬಂದು ಮುಂಗಡ ಕೊಡುತ್ತಿದ್ದರು. ಆ ಹಣ ಕೈಗೆ ಬಂದ ದಿನವೇ ಕಂದಾಯಕ್ಕೆ ಹೋಗುತ್ತಿತ್ತು. ಹಿಮ ಕರಗಿ ನದಿ ತೆರೆಯುವಾಗ ರೈತನ ಬಳಿ ಹಣವೂ ಇಲ್ಲ, ಬೇಡವೆನ್ನುವ ಅಧಿಕಾರವೂ ಇಲ್ಲ. ಪ್ರಯಾಣದ ರಹದಾರಿಯೂ ಒಡೆಯನ ಪೆಟ್ಟಿಗೆಯನ್ನು ಸೇರುತ್ತಿತ್ತು. 1861ರಲ್ಲಿ ಆ ದೇಶದ ಜೀತಗಾರ ರೈತರಿಗೆ ಬಿಡುಗಡೆಯಾಯಿತೆಂದು ಚರಿತ್ರೆಯಲ್ಲಿ ಓದುತ್ತೇವೆ. ಅದಾಗಿ ಒಂಬತ್ತು ವರ್ಷಗಳ ಮೇಲೆ, 1870ರ ಬೇಸಿಗೆಯಲ್ಲಿ, ಇಲ್ಯಾ ರೆಪಿನ್ ಎಂಬ ತರುಣ ಚಿತ್ರಕಾರನು ವೋಲ್ಗಾ ತೀರಕ್ಕೆ ಹೋದಾಗ ತೊಗಲಿನ ಪಟ್ಟಿಗಳು ಅಲ್ಲಿಯೇ ಇದ್ದವು.

ರೆಪಿನ್ನನಿಗೆ ಈ ವಿಷಯ ಹೊಳೆದದ್ದು ಅದಕ್ಕೂ ಮೊದಲು, ನೀವಾ ನದಿಯ ಮೇಲಿನ ಒಂದು ವಿಹಾರದಲ್ಲಿ. ಬಣ್ಣದ ಉಡುಪು ಧರಿಸಿದ ಸ್ತ್ರೀಪುರುಷರು ದಡದಲ್ಲಿ ಉಲ್ಲಾಸದಿಂದ ಇದ್ದಾಗ ಅವರ ನಡುವಿನಿಂದಲೇ ಚಿಂದಿಯುಟ್ಟ ಜನರ ಗುಂಪೊಂದು ಹಗ್ಗ ಎಳೆಯುತ್ತ ಹಾದುಹೋಯಿತು. ಮೊದಲು ಆ ವೈದೃಶ್ಯವನ್ನೇ ಚಿತ್ರಿಸಬೇಕೆಂದು ಅವನು ಎಣಿಸಿದ್ದನು. ವೋಲ್ಗಾ ತೀರದಲ್ಲಿ ಕೆಲವು ತಿಂಗಳು ಆ ಜನರ ನಡುವೆ ಇದ್ದ ಮೇಲೆ ವಿಹಾರಿಗಳನ್ನು ಕೈಬಿಟ್ಟು ಎಳೆಯುವ ಹನ್ನೊಂದು ಜನರನ್ನು ಮಾತ್ರ ಉಳಿಸಿಕೊಂಡನು. 1873ರಲ್ಲಿ ಮುಗಿದ ಆ ಚಿತ್ರದಲ್ಲಿ ಎಲ್ಲರಿಗಿಂತ ಮುಂದೆ ಇರುವವನು ಕಾನಿನ್. ಅವನು ಒಂದು ಕಾಲಕ್ಕೆ ಕ್ರೈಸ್ತ ಪಾದ್ರಿಯಾಗಿದ್ದು ಆ ಪದವಿಯನ್ನು ಕಳೆದುಕೊಂಡವನು. ರೋಮನರಿಗೆ ಗುಲಾಮನಾಗಿ ಮಾರಾಟವಾದ ಗ್ರೀಕ್ ತತ್ತ್ವಜ್ಞಾನಿಯೊಬ್ಬನನ್ನು ಕಂಡಂತಾಯಿತೆಂದು ಚಿತ್ರಕಾರನು ತನ್ನ ಸ್ಮರಣೆಗಳಲ್ಲಿ ಬರೆದುಕೊಂಡಿದ್ದಾನೆ. ಪೀಠದಿಂದ ಇಳಿದವನು ಹಗ್ಗಕ್ಕೆ ಬಂದ ಈ ಸಂಗತಿಯನ್ನು ಪೀಠದಲ್ಲಿ ಕುಳಿತ ನಾವು ಓದಿದಾಗ ಪುಟವನ್ನು ಬೇಗನೆ ತಿರುವಲಾಗಲಿಲ್ಲ.

ಆ ಚಿತ್ರವನ್ನು ಕೊಂಡವನು ಚಕ್ರವರ್ತಿಯ ಮಗನಾದ ವ್ಲಾದಿಮಿರ್. ಅದನ್ನು ಮೆಚ್ಚಿಯೇ ಕೊಂಡನು. ತನ್ನ ಅರಮನೆಯಲ್ಲಿ ಬಿಲಿಯರ್ಡ್ಸ್ ಆಡುವ ಕೋಣೆಯ ಗೋಡೆಗೆ ತೂಗುಹಾಕಿಸಿದನು. ಇದನ್ನು ಪರಿಹಾಸ್ಯಕ್ಕಾಗಿ ಹೇಳುತ್ತಿಲ್ಲ. ಪರರ ದುಡಿಮೆಯನ್ನು ನಾವು ಗೌರವಿಸುವ ರೀತಿಗಳಲ್ಲಿ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವುದೂ ಒಂದು. ಇನ್ನೊಂದು ರೀತಿಯನ್ನು ಚೀನಾದ ಸುಯ್ ವಂಶದ ಯಾಂಗ್ ಚಕ್ರವರ್ತಿ ತೋರಿಸಿಕೊಟ್ಟಿದ್ದಾನೆ. ಕ್ರಿ.ಶ. 605ರಲ್ಲಿ ಅವನು ಹೊಸದಾಗಿ ತೋಡಿಸಿದ ಕಾಲುವೆಯ ಮೂಲಕ ದಕ್ಷಿಣಕ್ಕೆ ಹೊರಟಾಗ ದೋಣಿಗಳನ್ನು ಎಳೆಯಲು ಎಂಬತ್ತು ಸಾವಿರಕ್ಕೂ ಹೆಚ್ಚು ಜನರನ್ನು ತೊಡಗಿಸಿದ್ದನೆಂದು ಆ ದೇಶದ ಇತಿಹಾಸಕಾರರು ಬರೆದಿದ್ದಾರೆ. ಅವರಲ್ಲಿ ರಾಜನ ದೋಣಿಗಳನ್ನೂ ಅವಕ್ಕೆ ಸಮನಾದವುಗಳನ್ನೂ ಎಳೆದ ಒಂಬತ್ತು ಸಾವಿರ ಜನಕ್ಕೆ ಜರತಾರಿಯ ನಿಲುವಂಗಿಗಳನ್ನು ತೊಡಿಸಲಾಗಿತ್ತು. ಹಗ್ಗ ಅದೇ, ಹೆಗಲು ಅದೇ, ನಡುವೆ ಜರತಾರಿ. 618ರಲ್ಲಿ ಆ ಚಕ್ರವರ್ತಿ ತನ್ನ ಕಾವಲಿನವರಿಂದಲೇ ಹತನಾದನು, ವಂಶವೂ ಅಳಿಯಿತು.

ಚೀನಾದ ಯಾಂಗ್‌ಟ್ಸಿ ನದಿಯ ಕಣಿವೆಗಳ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ನಮ್ಮ ಪ್ರಶ್ನೆಗೆ ಬೇಕಾದ ಗಂಟು ಅಲ್ಲಿದೆ. ಯಿಚಾಂಗಿನಿಂದ ಚೋಂಗ್‌ಚಿಂಗಿಗೆ ಹೋಗುವ ಹಾದಿಯಲ್ಲಿ ನದಿಯು ಕಡಿದಾದ ಬಂಡೆಗಳ ನಡುವೆ ನುಗ್ಗಿ ಬರುತ್ತಿತ್ತು. ಅಲ್ಲಿಯ ಹಗ್ಗ ನಾರಿನದಲ್ಲ, ಬಿದಿರಿನದು. ಬಿದಿರನ್ನು ಸೀಳಿ ತೆಳುವಾದ ಪಟ್ಟೆಗಳನ್ನಾಗಿ ಮಾಡಿ, ಒಳಗೆ ಮೆದುವಾದ ತಿರುಳಿನ ಪಟ್ಟೆಗಳನ್ನಿಟ್ಟು, ಸುತ್ತಲೂ ಹೊರಸಿಪ್ಪೆಯ ಪಟ್ಟೆಗಳನ್ನು ಜಡೆಯಂತೆ ಹೆಣೆಯುತ್ತಿದ್ದರು. ಎಳೆತ ಹೆಚ್ಚಿದಷ್ಟೂ ಹೊರಗಿನ ಹೆಣಿಗೆಯು ಒಳಗಿನದನ್ನು ಬಿಗಿಯಾಗಿ ಅಪ್ಪುತ್ತದೆ. ನೀರಿನಲ್ಲಿ ನೆನೆದರೆ ಅದರ ಬಲ ಕುಂದುವುದಿಲ್ಲ, ಇನ್ನೂ ಹೆಚ್ಚುತ್ತದೆ. ಮುನ್ನೂರು ಹೆಜ್ಜೆ ಉದ್ದದ ಇಂತಹ ಹಗ್ಗಗಳನ್ನು 13ನೆಯ ಶತಮಾನದಲ್ಲಿ ಮಾರ್ಕೊ ಪೋಲೊ ಕಂಡು ಬರೆದಿದ್ದಾನೆ. ಆದರೆ ಬಂಡೆಯ ಅಂಚಿಗೆ ತಿಕ್ಕಿ ತಿಕ್ಕಿ ಹಗ್ಗ ಬೇಗನೆ ಸವೆಯುತ್ತಿತ್ತು. ಬಂಡೆಯೂ ಸವೆಯುತ್ತಿತ್ತು. ಶತಮಾನಗಳ ಎಳೆತದಿಂದ ಕಲ್ಲಿನಲ್ಲಿ ಆಳವಾದ ಗೆರೆಗಳು ಬಿದ್ದಿದ್ದವು. ಹಳ್ಳಿಯ ಬಾವಿಯ ಕಟ್ಟೆಯಲ್ಲಿ ನೀರು ಸೇದುವ ಹಗ್ಗದ ಗುರುತುಗಳನ್ನು ನೋಡಿದವರು ಅದನ್ನು ಊಹಿಸಿಕೊಳ್ಳಬಲ್ಲರು.

1896ರಲ್ಲಿ ಆ ಹಾದಿಯಲ್ಲಿ ಪ್ರಯಾಣ ಮಾಡಿದ ಇಸಾಬೆಲ್ಲಾ ಬರ್ಡ್ ಎಂಬ ಆಂಗ್ಲ ಮಹಿಳೆಯು ಈ ಎಳೆಯುವವರ ಶ್ರಮವನ್ನೂ, ಅವರ ಮೈಮೇಲಿನ ಗಾಯಗಳನ್ನೂ, ಅದರ ನಡುವೆಯೂ ಮಾಸದ ಅವರ ನಗೆಮುಖವನ್ನೂ ಬರೆದಿದ್ದಾಳೆ. ನೀರು ಧುಮುಕುವ ಜಾಗಗಳಲ್ಲಿ ಒಂದು ದೊಡ್ಡ ದೋಣಿಗೆ ನೂರಾರು ಜನ ಬೇಕು. ದೋಣಿಯಲ್ಲಿ ನಗಾರಿ ಬಾರಿಸುತ್ತಾರೆ. ಅದರ ಸದ್ದಿನಿಂದಲೇ ದಡದವರಿಗೆ ಎಳೆಯುವ, ನಿಲ್ಲಿಸುವ ಅಪ್ಪಣೆ. ಹಗ್ಗವು ಬಂಡೆಗೆ ಸಿಕ್ಕಿಕೊಂಡರೆ ನೀರಿಗೆ ಹಾರಿ ಬಿಡಿಸಲೆಂದೇ ಕೆಲವರು ಬಟ್ಟೆಯಿಲ್ಲದೆ ಕಾದಿರುತ್ತಾರೆ. 1898ರಲ್ಲಿ ಚೋಂಗ್‌ಚಿಂಗನ್ನು ಮುಟ್ಟಿದ ಮೊದಲ ಹಬೆಯ ನಾವೆಯನ್ನೂ ಇಂತಹ ಜಾಗಗಳಲ್ಲಿ ಮನುಷ್ಯರೇ ಎಳೆದು ದಾಟಿಸಬೇಕಾಯಿತು.

ಇನ್ನು ಆ ಗಂಟು. ಪ್ರತಿಯೊಬ್ಬನ ಎದೆಪಟ್ಟಿಯಿಂದ ಹೊರಟ ಹುರಿಯು ದೊಡ್ಡ ಹಗ್ಗಕ್ಕೆ ಶಾಶ್ವತವಾಗಿ ಬಿಗಿದದ್ದಲ್ಲ. ಅದು ಒಂದು ಬಗೆಯ ಸುತ್ತುಗಂಟು; ಎಳೆಯುತ್ತಿರುವವರೆಗೂ ಕಚ್ಚಿ ಹಿಡಿಯುತ್ತದೆ, ಮನುಷ್ಯ ಸಡಿಲ ಬಿಟ್ಟೊಡನೆ ಕ್ಷಣದಲ್ಲಿ ಕಳಚಿಕೊಳ್ಳುತ್ತದೆ. ಪ್ರವಾಹ ಗೆದ್ದು ದೋಣಿ ಹಿಂದಕ್ಕೆ ಓಡತೊಡಗಿದರೆ ಬಂಡೆಯ ಮೇಲಿನ ಮನುಷ್ಯ ಅದರೊಡನೆ ಕಮರಿಗೆ ಬೀಳಬಾರದಲ್ಲ! ಆ ಗಂಟನ್ನು ಕಳಚುವ ಅಧಿಕಾರ ಎಳೆಯುವವನದೇ. ದೋಣಿಯ ಒಡೆಯನನ್ನು ಕೇಳಬೇಕಾಗಿಲ್ಲ. ಕೇಳಲು ಸಮಯವೂ ಇಲ್ಲ. ಓದುಬರಹವಿಲ್ಲದ ಯಾರೋ ಕಂಡುಹಿಡಿದ ಈ ಗಂಟಿನಲ್ಲಿ ನಮಗೆ ಒಂದು ಶಾಸ್ತ್ರವೇ ಕಾಣಿಸಿತು.

ಈಗ ಕಾಯಕದ ಮಾತಿಗೆ ಬರೋಣ. ಕಷ್ಟದ ದುಡಿಮೆಯೆಲ್ಲವೂ ಕಾಯಕವೆಂದು ಹೇಳುವ ರೂಢಿ ನಮ್ಮ ವೇದಿಕೆಗಳಲ್ಲಿ ಬೆಳೆದಿದೆ. ನಾವೂ ಎಷ್ಟೋ ಸಲ ಹೇಳಿದ್ದೇವೆ. ಹಾಗಾದರೆ ಕಾನಿನ್ನನ ದುಡಿಮೆ ಕಾಯಕವೇ? ಶ್ರಮದಲ್ಲಿ ಅವನಿಗೆ ಸರಿಗಟ್ಟುವವರಿಲ್ಲ. ಅವನು ಎಳೆದ ಕಾಳು ಯಾರದೋ ಹಸಿವನ್ನು ನೀಗಿದೆ. ಆದರೂ ಹೌದೆನ್ನಲು ನಾಲಗೆ ಏಳುವುದಿಲ್ಲ. ಏಕೆ?

ನಮ್ಮ ಶರಣರಲ್ಲಿಯೇ ಹಗ್ಗದ ಕಾಯಕದವರೊಬ್ಬರಿದ್ದಾರೆ. ನುಲಿಯ ಚಂದಯ್ಯನವರು ಕೆರೆಯ ದಡದ ಹುಲ್ಲನ್ನು ಕೊಯ್ದು ಹಗ್ಗ ಹೊಸೆದು ಮಾರಿ, ಬಂದುದರಲ್ಲಿ ಜಂಗಮದಾಸೋಹ ನಡೆಸಿದವರು. ಹುಲ್ಲು ಕೊಯ್ಯುವಾಗ ಅವರ ಇಷ್ಟಲಿಂಗವು ಜಾರಿ ಬಿದ್ದಿತು. ಚಂದಯ್ಯನವರು ಅದನ್ನು ಎತ್ತಿಕೊಳ್ಳದೆ ತಮ್ಮ ಕಾಯಕಕ್ಕೆ ನಡೆದರು. ಲಿಂಗವೇ ಬೆನ್ನಟ್ಟಿ ಬಂದಿತು. ಮಡಿವಾಳ ಮಾಚಯ್ಯನವರು ನಡುವೆ ಬಂದು ತಿಳಿಹೇಳಬೇಕಾಯಿತು. ಕಡೆಗೆ ಲಿಂಗಕ್ಕೂ ಹಗ್ಗ ಮಾರುವ ಕಾಯಕವನ್ನು ಒಪ್ಪಿಸಿಯೇ ಚಂದಯ್ಯನವರು ಸಮಾಧಾನ ಹೊಂದಿದರು. ಶೂನ್ಯಸಂಪಾದನೆಯ ಈ ಪ್ರಸಂಗವನ್ನು ನಾವು ಪುರಾಣದಲ್ಲಿ ಹೇಳುವಾಗ ಕಾಯಕದ ಹಿರಿಮೆ ಎಷ್ಟೆಂದರೆ ಲಿಂಗವೂ ಕಾಯಬೇಕಾಯಿತೆಂದು ಮುಗಿಸುತ್ತೇವೆ. ಅದರ ಇನ್ನೊಂದು ಮುಖವನ್ನು ಬಿಡುತ್ತೇವೆ. ಕೊರಳಲ್ಲಿ ಕಟ್ಟಿಕೊಂಡ ಶಿವದಾರವನ್ನೂ ಬಿಟ್ಟು ನಡೆಯಬಲ್ಲ ಸ್ವಾತಂತ್ರ್ಯ ಚಂದಯ್ಯನವರಿಗಿತ್ತು. ಅವರ ಗಂಟು ಅವರ ಕೈಯಲ್ಲಿತ್ತು. ಅವರ ಮುಂದೆ ಲಿಂಗವೂ ದುಡಿಮೆಯಲ್ಲಿ ಪಾಲುಗಾರನಾಗಬೇಕಾಯಿತೇ ಹೊರತು ಮುಂಗಡ ಕೊಟ್ಟ ಒಡೆಯನಾಗಲಿಲ್ಲ. ಎಳೆಯುವವನ ಕೈಯಲ್ಲಿ ಗಂಟು ಇರುವವರೆಗೆ ಹಗ್ಗವು ಕಾಯಕದ ಸಾಧನ. ಅದು ದೋಣಿಯವನ ಕೈಗೆ ಹೋದ ಕ್ಷಣದಿಂದ ಪಾಶ. ದುಡಿಮೆ ಅದೇ ಆಗಿರಬಹುದು, ಕೂಲಿಯೂ ಅದೇ ಆಗಿರಬಹುದು.

ಯಾಂಗ್‌ಟ್ಸಿಯ ಬಂಡೆಯ ಮೇಲೆ ಕಳಚುತ್ತಿದ್ದ ಗಂಟು ವೋಲ್ಗಾದ ಚಳಿಗಾಲದ ಕರಾರಿನಲ್ಲಿ ಕಳಚುತ್ತಿರಲಿಲ್ಲ. ನಮ್ಮ ದೇಶದಲ್ಲಿ ಜೀತಪದ್ಧತಿಯನ್ನು ರದ್ದುಮಾಡಿದ 1976ರ ಶಾಸನವು ಮುಂಗಡಕ್ಕೆ ಬದಲಾಗಿ ಬಿಟ್ಟುಹೋಗುವ ಹಕ್ಕನ್ನೇ ಒತ್ತೆಯಿಡಿಸಿಕೊಳ್ಳುವುದನ್ನೂ ಜೀತವೆಂದೇ ಎಣಿಸುತ್ತದೆ. ನಮ್ಮ ಸದ್ಭಕ್ತರು ಇದನ್ನು ಓದಿ ನೊಂದುಕೊಳ್ಳಬಹುದು. “ಮುಂಗಡವನ್ನು ಅವರೇ ಬೇಡಿ ಪಡೆಯುತ್ತಾರೆ, ನಾನು ಬ್ಯಾಂಕಿನ ಸಾಲಕ್ಕೆ ಕಟ್ಟುಬಿದ್ದಿದ್ದೇನೆ” ಎಂದು ಅವರು ಹೇಳಿದರೆ ಅದು ಸುಳ್ಳಲ್ಲ. ಹಗ್ಗದ ಎರಡು ತುದಿಗಳೂ ಕಟ್ಟಿನಲ್ಲಿಯೇ ಇರುತ್ತವೆ. ಚುಕ್ಕಾಣಿ ಹಿಡಿದವನ ತೋಳೂ ನೋಯುತ್ತದೆಂದು ಮೇಲೆ ಹೇಳಿದ್ದೇವೆ. ಆದರೆ ಭಟ್ಟಿಯಿಂದ ರಾತ್ರಿ ಹೊರಡುವ ಕುಟುಂಬವನ್ನು ತಡೆಯಲು ನಿಲ್ಲಿಸಿದ ಕಾವಲುಗಾರನ ಕೈಗೆ ಬಸವಣ್ಣನವರ ಹೆಸರನ್ನು ಕೊಡಲು ನಮ್ಮಿಂದಾಗದು. ಅವರು ಕೇಳಿದ ಲೇಖನವನ್ನು ಬರೆಯದಿರುವುದಕ್ಕೆ ಇದೇ ಕಾರಣ. ಮುಂಗಡದ ಲೆಕ್ಕವನ್ನು ಕೆಲಸದ ನಡುವೆಯೂ ತೀರಿಸಿಕೊಂಡು ಹೋಗಲು ಬಿಡುವ ಒಂದು ಕ್ರಮವನ್ನು ಅವರು ಮಾಡಿದರೆ, ಆ ಭಟ್ಟಿಗೆ ನಾವೇ ಬಂದು ಚಂದಯ್ಯನವರ ಪುರಾಣ ಹೇಳುತ್ತೇವೆ.

ಪರರಿಗೆ ಹೇಳುವುದು ಸುಲಭ. ನಮ್ಮ ಜಾತ್ರೆಯ ಅಡ್ಡಪಲ್ಲಕ್ಕಿಯ ವಿಚಾರ ಓದುಗರಿಗೆ ತಿಳಿದದ್ದೇ. ಇದನ್ನೆಲ್ಲ ಓದಿದ ವರ್ಷ, ಪರಂಪರೆಯಿಂದ ಪಲ್ಲಕ್ಕಿ ಹೊರುವ ಮನೆತನದ ಹಿರಿಯರೊಬ್ಬರನ್ನು ಕರೆದು, “ಈ ಸಲ ನಿಮಗೆ ಬರಲು ಮನಸ್ಸಿಲ್ಲದಿದ್ದರೆ ಏನು ಮಾಡುತ್ತೀರಿ?” ಎಂದು ಕೇಳಿದೆವು. ಅವರು ಗಾಬರಿಯಾಗಿ, “ನಾ ಬರದಿದ್ರ ಮಗನ್ನ ಕಳಸ್ತೀನ್ರಿ ಅಜ್ಜಾರ” ಎಂದರು. ಬರದಿರಬಹುದೆಂಬ ಅರ್ಥವೇ ಅವರಿಗೆ ಆ ಪ್ರಶ್ನೆಯಲ್ಲಿ ಕೇಳಿಸಿರಲಿಲ್ಲ. ಆ ಜಾತ್ರೆಯಲ್ಲಿ ನಾವು ಪಲ್ಲಕ್ಕಿಯನ್ನು ಏರದೆ ವಚನದ ಕಟ್ಟನ್ನು ಅದರಲ್ಲಿರಿಸಿ ಜೊತೆಯಲ್ಲಿ ನಡೆದೆವು. ಪತ್ರಿಕೆಗಳು ಹೊಗಳಿದವು. ಕೆಲವು ಹಿರಿಯ ಭಕ್ತರು ಬೇಸರಪಟ್ಟರು, ಅದು ನಿರೀಕ್ಷಿತವೇ. ನಿರೀಕ್ಷಿಸದಿದ್ದುದು ಉತ್ಸವ ಮುಗಿದ ಮೇಲೆ ಅದೇ ಹಿರಿಯರು ಕಣ್ಣಲ್ಲಿ ನೀರು ತಂದುಕೊಂಡು ಕೇಳಿದ ಮಾತು: “ನಮ್ಮ ಹೆಗಲಿಂದ ಏನ್ ತಪ್ಪಾತ್ರಿ ಅಜ್ಜಾರ?”

ಆ ರಾತ್ರಿ ಪೂಜೆಗೆ ಕುಳಿತಾಗ ಯಾಂಗ್‌ಟ್ಸಿಯ ಗಂಟು ಮತ್ತೆ ಕಣ್ಣಮುಂದೆ ಬಂದಿತು. ನಾವು ಹಗ್ಗವನ್ನು ದೋಣಿಯ ಕಡೆಯಿಂದ ಕೊಯ್ದಿದ್ದೆವು. ನಮ್ಮ ಮನಸ್ಸು ಹಗುರಾಗಲೆಂದು, ಅವರನ್ನು ಕೇಳದೆ. ಮುಂದಿನ ಜಾತ್ರೆಗೆ ಪಲ್ಲಕ್ಕಿ ಇರಬೇಕೇ, ಇದ್ದರೆ ಯಾರು ಹೊರಬೇಕು, ಯಾರು ಕುಳಿತುಕೊಳ್ಳಬೇಕು, ಹೊರಲು ಮನಸ್ಸಿಲ್ಲದವರ ಮನೆಯ ಮಾನ್ಯತೆಗೆ ಯಾವ ಕುಂದೂ ಬಾರದಂತೆ ಹೇಗೆ ನಡೆಸಬೇಕು ಎಂಬುದನ್ನು ತಾವೇ ಕೂಡಿ ಯೋಚಿಸಿ ತಿಳಿಸಬೇಕೆಂದು ಆ ಮನೆತನದವರೆಲ್ಲರನ್ನೂ, ಹೆಂಗಸರನ್ನೂ ಹುಡುಗರನ್ನೂ ಸೇರಿಸಿ, ಮಠಕ್ಕೆ ಕರೆದು ಹೇಳಿದ್ದೇವೆ. ಎರಡು ಸಲ ಅವರು ಸಭೆ ಸೇರಿದ್ದಾರೆ. ಇನ್ನೂ ಉತ್ತರ ಬಂದಿಲ್ಲ.